ಮೀನಿನ ಮೇವಿಗೆ ಬೆಳ್ಳುಳ್ಳಿ: ನಿಜ ಎಷ್ಟು, ಮಾರಾಟದ ಮಾತು ಎಷ್ಟು?

ಮೀನು ಸಾರಿಗೆ ಬೆಳ್ಳುಳ್ಳಿ ಜಜ್ಜಿ ಹಾಕೋದು ಎಲ್ಲರಿಗೂ ಗೊತ್ತು. ಆದರೆ ಮೀನು ಕೆರೆಯಲ್ಲಿ ಈಜಾಡ್ತಿರುವಾಗಲೇ ಅದರ ಊಟಕ್ಕೂ ಬೆಳ್ಳುಳ್ಳಿ ಬೆರೆಸ್ತಾರೆ. ಅರಿಶಿನ, ಶುಂಠಿ, ಮೆಂತ್ಯದ ಮೇಲೂ ಇಂಥ ಪ್ರಯೋಗಗಳು ನಡೆದಿವೆ. ‘ಹರ್ಬಲ್ ಗ್ರೋತ್ ಪ್ರೊಮೋಟರ್’ ಅನ್ನೋ ಹೆಸರಲ್ಲಿ ಬಾಟಲಿಗಳೂ ಬಂದಿವೆ.

ನಾನು ಇದನ್ನೆಲ್ಲ ಓದಲು ಕೂತಿದ್ದು ಚಿಕ್ಕಪ್ಪನಿಂದಾಗಿ. ಮಂಡ್ಯ ಕಡೆ ಅವರ ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಬೆಳೀತಿವೆ. ಮೀನು ಮೇವು ಬಿಡತೊಡಗಿದಾಗ ಅಂಗಡಿಯವರೊಬ್ಬರು ಆಂಟಿಬಯೋಟಿಕ್ ಪುಡಿ ಕೊಟ್ಟರು. ಪಕ್ಕದ ಹೊಲದವರು, “ಅದು ಬೇಡ, ಗಿಡಮೂಲಿಕೆ ಟಾನಿಕ್ ಹಾಕಿ, ಮೀನು ಡಬಲ್ ಆಗುತ್ತೆ” ಅಂದರು. “ಯಾವ್ದು ಹಾಕ್ಲಿ ಹೇಳಪ್ಪಾ” ಅಂತ ಚಿಕ್ಕಪ್ಪನ ಫೋನ್. ವರ್ಷದ ದುಡ್ಡೆಲ್ಲ ಆ ಹೊಂಡದಲ್ಲೇ ಇತ್ತು.

ಪುಡಿ ಯಾಕೆ ಬೇಡ?

ಮೇವಿನಲ್ಲಿ ದಿನಾ ಸ್ವಲ್ಪ ಸ್ವಲ್ಪ ಆಂಟಿಬಯೋಟಿಕ್ ಹೋದರೆ, ಅದಕ್ಕೆ ಜಗ್ಗದ ಬ್ಯಾಕ್ಟೀರಿಯಾ ಹೊಂಡದಲ್ಲಿ ಬೆಳೆಯುತ್ತೆ. ಮದ್ದಿನ ಅಂಶ ಮೀನಿನ ಮೂಲಕ ನಮ್ಮ ತಟ್ಟೆಗೂ ಬರಬಹುದು. ಬೆಳವಣಿಗೆಗಾಗಿ ಮೇವಿನಲ್ಲಿ ಆಂಟಿಬಯೋಟಿಕ್ ಬಳಸೋದನ್ನು ಯುರೋಪಿಯನ್ ಒಕ್ಕೂಟ 2006ರ ಜನವರಿಯಿಂದ ನಿಲ್ಲಿಸಿತು. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ಗಳನ್ನು ಮೀನು ಸಾಕಣೆಯಲ್ಲಿ ಬಳಸೋದಕ್ಕೆ ಭಾರತದಲ್ಲೂ ನಿಷೇಧ ಇದೆ. ಗಿಡಮೂಲಿಕೆಗಳ ಕಡೆ ಗಮನ ಹೋಗೋಕೆ ಇದೂ ಒಂದು ಕಾರಣ.

ಬೆಳ್ಳುಳ್ಳಿ ಏನು ಮಾಡುತ್ತೆ?

ಎಸಳನ್ನು ಜಜ್ಜಿದಾಗ ಅದರೊಳಗಿನ ಕಿಣ್ವ ಕೆಲಸ ಶುರು ಮಾಡಿ ‘ಅಲಿಸಿನ್’ ಹುಟ್ಟುತ್ತೆ. ಘಾಟು ಬರೋದು ಅದರಿಂದಲೇ. ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯೋದೂ ಅದೇ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ವಿಜ್ಞಾನಿಗಳು ರೋಹು ಮರಿಗಳಿಗೆ ಕೆಜಿ ಮೇವಿಗೆ 1, 5 ಮತ್ತು 10 ಗ್ರಾಂ ಬೆಳ್ಳುಳ್ಳಿ ಕೊಟ್ಟು ನೋಡಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಏರೋಮೊನಾಸ್ ಎಂಬ ರೋಗಾಣು ತಗುಲಿದಾಗ ಬೆಳ್ಳುಳ್ಳಿ ತಿಂದ ಮರಿಗಳು ಹೆಚ್ಚು ಉಳಿದವು. ಬೇರೆ ಹಲವು ಪ್ರಯೋಗಗಳಲ್ಲಿ ತೂಕವೂ ಹೆಚ್ಚಿದೆ. ಆದರೆ ಇವು ಬಹುತೇಕ ಕೆಲವೇ ವಾರಗಳ, ತೊಟ್ಟಿಯೊಳಗಿನ ಪ್ರಯೋಗಗಳು. ‘ಡಬಲ್’ ಅನ್ನೋದು ಮಾರೋರ ಮಾತು.

ಬಳಸೋದಾದರೆ ಬೇಯಿಸಬೇಡಿ, ಬಿಸಿಗೆ ಆ ಕಿಣ್ವ ಹಾಳಾಗುತ್ತೆ. ಹಸಿಯಾಗೇ ಜಜ್ಜಿ, ಹತ್ತು ನಿಮಿಷ ಬಿಟ್ಟು, ಆರಿದ ಗಂಜಿಯಲ್ಲಿ ಕಲಸಿ ಮೇವಿಗೆ ಸವರಿ ನೆರಳಲ್ಲಿ ಒಣಗಿಸಿ.

ಗಿಡದ್ದು ಅಂದರೆ ಸಾಧು ಅಲ್ಲ

ಹಿಪ್ಪೆ ಹಿಂಡಿ ಗೊತ್ತಲ್ಲ? ಅದೂ ಗಿಡದ್ದೇ. ಮರಿ ಬಿಡೋ ಮುಂಚೆ ಹೊಂಡದಲ್ಲಿರೋ ಬೇಡದ ಮೀನುಗಳನ್ನು ಕೊಲ್ಲೋಕೆ ಅದನ್ನು ಹಾಕ್ತಾರೆ. ಅದರಲ್ಲಿರೋ ಸಪೋನಿನ್ ಮೀನಿನ ಕೆಂಪು ರಕ್ತಕಣಗಳನ್ನೇ ಒಡೆಯುತ್ತೆ. ಹಾಗಾಗಿ ಯಾವ ಸೊಪ್ಪು, ಯಾವ ಬೀಜವಾದರೂ ಅಳತೆ ಮುಖ್ಯ. ಒಳ್ಳೇದು ಅಂತ ಕೈತುಂಬ ಸುರಿದರೆ ಮೀನು ತಿನ್ನೋದನ್ನೇ ಬಿಡಬಹುದು.

ಜೇಬಿನ ಲೆಕ್ಕ

ಮೀನು ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೇವಿಗೇ ಹೋಗೋದು ಸಾಮಾನ್ಯ. ಒಂದು ಕೆಜಿ ಮೀನು ಬೆಳೆಯಲು 2 ಕೆಜಿ ಮೇವು ಬೇಕು, ಬೆಳ್ಳುಳ್ಳಿಯಿಂದ ಅದು 1.8ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. 500 ಕೆಜಿ ಮೀನಿಗೆ 100 ಕೆಜಿ ಮೇವು ಉಳಿಯಿತು. ಮೇವು ಕೆಜಿಗೆ 40 ರೂಪಾಯಿ ಅಂದರೆ ಉಳಿತಾಯ 4,000. ಆದರೆ 900 ಕೆಜಿ ಮೇವಿಗೆ ಹತ್ತತ್ತು ಗ್ರಾಂನಂತೆ 9 ಕೆಜಿ ಬೆಳ್ಳುಳ್ಳಿ ಬೇಕು. ಬೆಲೆ ಕೆಜಿಗೆ 200 ಇದ್ದರೆ ಖರ್ಚು 1,800, 400 ಆದರೆ 3,600. ಆಗ ಲಾಭ ಎಲ್ಲಿ? ಬಾಟಲಿಗೂ ಇದೇ ಲೆಕ್ಕ ಹಾಕಿ.

ಚಿಕ್ಕಪ್ಪನಿಗೆ ನಾನು ಹೇಳಿದ್ದು ಇಷ್ಟೇ: ಎರಡೂ ಈಗ ಬೇಡ, ಮೊದಲು ನಸುಕಿನಲ್ಲಿ ಹೊಂಡ ನೋಡಿ. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಅಂದರೆ ನೀರಲ್ಲಿ ಆಮ್ಲಜನಕ ಕಡಿಮೆ, ಆ ಹೊತ್ತಲ್ಲಿ ಅದು ಇನ್ನೂ ಇಳಿದಿರುತ್ತೆ. ಮೇವು ಕಡಿಮೆ ಮಾಡಿ, ಪಂಪ್‌ನಿಂದ ನೀರು ಚಿಮ್ಮಿಸಿದ್ರು. ಕೆಲವೇ ದಿನಗಳಲ್ಲಿ ಮೀನು ಮತ್ತೆ ಮೇವಿಗೆ ಬಂದವು.

ಈಗ ಅವರು ವಾರಕ್ಕೆರಡು ಸಲ ಬೆಳ್ಳುಳ್ಳಿ ಸವರಿದ ಮೇವು ಹಾಕ್ತಾರೆ. ತಿಂಗಳಿಗೊಮ್ಮೆ ಬಲೆ ಬೀಸಿ ಹತ್ತಿಪ್ಪತ್ತು ಮೀನು ತೂಗಿ, ಹಾಕಿದ ಮೇವನ್ನೂ ಪಕ್ಕದಲ್ಲೇ ಬರೆದಿಡ್ತಾರೆ. ಬೆಳ್ಳುಳ್ಳಿ ಮುಂದುವರಿಸಬೇಕೋ ಬೇಡವೋ ಅನ್ನೋದನ್ನ ಆ ನೋಟ್‌ಬುಕ್ ನೋಡಿ ತೀರ್ಮಾನ ಮಾಡ್ತಾರಂತೆ.