ಕೈನೀಡುವುದೂ ಕೈಹಾಕುವುದೂ

"ಕವಡೆ ಕಾಸಿನ ಬೆಲೆಯಿಲ್ಲ" ಎಂಬ ಮಾತನ್ನು ಆಡದ ಕನ್ನಡಿಗರಿಲ್ಲ. ಚೌಕಾಬಾರದ ಮನೆಗಳ ಮೇಲೆ ಮಕ್ಕಳು ಉರುಳಿಸುವ ಕವಡೆ ಹಿಂದೆ ನಿಜವಾಗಿಯೂ ನಾಣ್ಯವಾಗಿ ನಡೆಯುತ್ತಿತ್ತೆಂಬುದನ್ನು ಆ ಮಾತು ಇನ್ನೂ ನೆನಪಿನಲ್ಲಿಟ್ಟಿದೆ. ಆ ಕವಡೆಗಳಲ್ಲಿ ಬಹುಪಾಲು ಮಾಲ್ಡೀವ್ಸ್ ದ್ವೀಪಗಳಿಂದ ಬರುತ್ತಿದ್ದುವು. ಶತಮಾನಗಳ ಕಾಲ ಹಡಗುಗಳು ಅಲ್ಲಿಂದ ಬಂಗಾಳಕ್ಕೆ ಕವಡೆಯನ್ನು ಒಯ್ದು ಅಕ್ಕಿಯನ್ನು ತರುತ್ತಿದ್ದುವು. ಇಂದು ಕವಡೆಗೆ ಬೆಲೆಯಿಲ್ಲ. ಆದರೆ ಆ ದ್ವೀಪಗಳಿಗೆ ಬೆಲೆ ಬಂದಿದೆ. ಹಿಂದೂ ಮಹಾಸಾಗರದ ದೊಡ್ಡ ಹಡಗುದಾರಿಗಳ ಮಗ್ಗುಲಲ್ಲೇ ಅವು ಇರುವುದು ಇದಕ್ಕೆ ಕಾರಣ. ಆದುದರಿಂದಲೇ ಅಲ್ಲಿ ರಾಷ್ಟ್ರಾಧ್ಯಕ್ಷರ ಚುನಾವಣೆ ನಡೆದಾಗ ಅಭ್ಯರ್ಥಿಗಳ ಹೆಸರಿನೊಡನೆ ದೆಹಲಿ, ಬೀಜಿಂಗ್ ಎಂಬ ಹೆಸರುಗಳೂ ವಾರ್ತೆಯಲ್ಲಿ ಕಿವಿಗೆ ಬೀಳುತ್ತವೆ.

ಹಾಗೆ ಕಿವಿಗೆ ಬೀಳುವ ಇನ್ನೊಂದು ಮಾತು "ವಿದೇಶೀ ಹಸ್ತಕ್ಷೇಪ" ಎಂಬುದು. ಈ ಪದ ದೊಡ್ಡದಾದರೂ ಅರ್ಥ ಸರಳವಾದುದೇ. ಹಸ್ತವೆಂದರೆ ಕೈ, ಕ್ಷೇಪವೆಂದರೆ ಹಾಕುವಿಕೆ. ಒಟ್ಟಿನಲ್ಲಿ ಇನ್ನೊಬ್ಬರ ಮನೆಯ ವಿಚಾರಕ್ಕೆ ಕೈಹಾಕುವುದು. ನಮ್ಮ ಭಾಷೆಯಲ್ಲಿ ಕೈನೀಡುವುದೆಂಬ ಮಾತೂ ಉಂಟು. ಎರಡರಲ್ಲೂ ಕೈ ಒಂದೇ. ಹಾಗಾದರೆ ನೆರೆಯವನ ಕೈ ನೀಡಿದ ಕೈಯೋ ಹಾಕಿದ ಕೈಯೋ ಎಂದು ತಿಳಿಯುವ ಬಗೆ ಹೇಗೆ? 2023ರ ಮಾಲ್ಡೀವ್ಸ್ ಚುನಾವಣೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಸ್ವಲ್ಪ ವಿಚಾರಿಸೋಣ. ಅಲ್ಲಿ ಭಯದ ಕಣ್ಣಿಗೆ ಗುರಿಯಾಗಿದ್ದುದು ನಮ್ಮ ದೇಶದ ಕೈಯೇ ಆದುದರಿಂದ ಈ ವಿಚಾರ ನಮಗೆ ಹೆಚ್ಚು ಸಲ್ಲುತ್ತದೆ.

ಮೊದಲು ದೇಶದ ಪರಿಚಯ. ಲಕ್ಷದ್ವೀಪದ ಮಿನಿಕಾಯ್‌ನಿಂದ ತೆಂಕಣಕ್ಕೆ ಸುಮಾರು 130 ಕಿಲೋಮೀಟರು ಹೋದರೆ ಮಾಲ್ಡೀವ್ಸಿನ ಮೊದಲ ದ್ವೀಪಗಳು ಸಿಗುತ್ತವೆ. ಒಟ್ಟು ದ್ವೀಪಗಳು ಸುಮಾರು 1,200. ಅವುಗಳಲ್ಲಿ ಊರುಗಳಿರುವುವು ಇನ್ನೂರರೊಳಗೆ. 2022ರ ಜನಗಣತಿಯಂತೆ ಜನಸಂಖ್ಯೆ 5 ಲಕ್ಷಕ್ಕೆ ತುಸು ಮೇಲೆ. ಅದರಲ್ಲೂ ಲಕ್ಷಕ್ಕೆ ಮಿಕ್ಕವರು ಹೊರನಾಡಿನಿಂದ ದುಡಿಯಲು ಬಂದವರು. ಆ ಜನ ತಮ್ಮನ್ನು "ದಿವೆಹಿ" ಎಂದು ಕರೆದುಕೊಳ್ಳುತ್ತಾರೆ. ನಮ್ಮ "ದ್ವೀಪ" ಶಬ್ದಕ್ಕೂ ಅದಕ್ಕೂ ಬೇರು ಒಂದೇ. ರಾಷ್ಟ್ರಾಧ್ಯಕ್ಷರನ್ನು ಐದು ವರ್ಷಕ್ಕೊಮ್ಮೆ ಜನರೇ ನೇರವಾಗಿ ಆರಿಸುತ್ತಾರೆ. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಮುಂದಿನ ಇಬ್ಬರ ನಡುವೆ ಎರಡನೆಯ ಸುತ್ತು ನಡೆಯುತ್ತದೆ.

2023ರಲ್ಲಿ ಅಧಿಕಾರದಲ್ಲಿದ್ದವರು ಇಬ್ರಾಹಿಂ ಮೊಹಮದ್ ಸೋಲಿಹ್. ವಿರೋಧಪಕ್ಷದ ನಾಯಕ ಅಬ್ದುಲ್ಲಾ ಯಾಮೀನ್ ಅವರಿಗೆ ಭ್ರಷ್ಟಾಚಾರದ ಮೊಕದ್ದಮೆಯಲ್ಲಿ 2022ರ ಡಿಸೆಂಬರಿನಲ್ಲಿ ಸೆರೆವಾಸದ ಶಿಕ್ಷೆಯಾಗಿ, ಅವರು ಸ್ಪರ್ಧಿಸುವಂತಿರಲಿಲ್ಲ. ಆದುದರಿಂದ ರಾಜಧಾನಿ ಮಾಲೆಯ ಮೇಯರ್ ಆಗಿದ್ದ ಮೊಹಮದ್ ಮುಯಿಜ್ಜು ಆ ಪಕ್ಷಗಳ ಅಭ್ಯರ್ಥಿಯಾದರು. ಅವರ ಪಾಳೆಯ ಕೆಲವು ವರ್ಷಗಳಿಂದ "ಇಂಡಿಯಾ ಔಟ್", ಎಂದರೆ "ಭಾರತ ಹೊರಹೋಗಲಿ" ಎಂಬ ಘೋಷಣೆಯನ್ನು ಎತ್ತಿ ಹಿಡಿದಿತ್ತು.

ಈ ಘೋಷಣೆಗೆ ಆಧಾರವೇನು? ಭಾರತ ಆ ದೇಶಕ್ಕೆ ಎರಡು ಧ್ರುವ್ ಹೆಲಿಕಾಪ್ಟರುಗಳನ್ನೂ ಒಂದು ಡಾರ್ನಿಯರ್ ವಿಮಾನವನ್ನೂ ಕೊಟ್ಟಿತ್ತು. ಧ್ರುವ್ ನಮ್ಮ ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆ ರೂಪಿಸಿ ಕಟ್ಟಿದ ಯಂತ್ರ. ದೂರದ ದ್ವೀಪದಲ್ಲಿ ಒಬ್ಬರಿಗೆ ಹೃದಯಾಘಾತವಾದರೆ, ಬಸುರಿಯ ಸ್ಥಿತಿ ವಿಷಮಿಸಿದರೆ, ಅವರನ್ನು ಮಾಲೆಯ ಆಸ್ಪತ್ರೆಗೆ ಸಾಗಿಸುವುದು, ಕಡಲಲ್ಲಿ ಕಾಣೆಯಾದ ದೋಣಿಗಳನ್ನು ಹುಡುಕುವುದು ಇವುಗಳ ಕೆಲಸ. ಆದರೆ ಇವನ್ನು ನಡೆಸಲು, ಸರಿಯಾಗಿಡಲು ಬಂದಿದ್ದವರು ಭಾರತೀಯ ಸೇನೆಗೆ ಸೇರಿದವರು. ಇದಲ್ಲದೆ 2021ರ ಫೆಬ್ರವರಿಯಲ್ಲಿ ಉತುರು ತಿಲ ಫಲ್ಹು ಎಂಬಲ್ಲಿ ಆ ದೇಶದ ಕರಾವಳಿ ಪಹರೆಗಾಗಿ ಬಂದರೊಂದನ್ನು ಕಟ್ಟಿಕೊಡುವ ಒಪ್ಪಂದವಾಯಿತು. ಇದು ಭಾರತದ ನೌಕಾನೆಲೆಯಾಗುತ್ತದೆ ಎಂದು ವಿರೋಧಪಕ್ಷ ಹೇಳಿತು. ಹಾಗೇನೂ ಇಲ್ಲವೆಂದು ಸರ್ಕಾರ ಹೇಳಿತು. ಹಾಗಿಲ್ಲದಿದ್ದರೆ ಒಪ್ಪಂದದ ಪೂರ್ಣ ಪಾಠವನ್ನು ಜನರ ಮುಂದೇಕೆ ಇಡಲಿಲ್ಲ ಎಂಬುದು ಮರುಪ್ರಶ್ನೆ. ಕಾಗದವನ್ನು ಮುಚ್ಚಿಟ್ಟಷ್ಟೂ ಅದರ ಮೇಲಿನ ಊಹೆ ಬೆಳೆಯುತ್ತದೆಂಬುದು ಲೋಕರೂಢಿ. ಪ್ರಚಾರದ ಕಾಲದಲ್ಲಿ ದೇಶವೆಲ್ಲ ಪರಸೈನ್ಯದಿಂದ ತುಂಬಿದೆಯೋ ಎಂಬಂತೆ ಮಾತು ಹಬ್ಬಿತು. ಚುನಾವಣೆ ಮುಗಿದ ಮೇಲೆ ಹೊಸ ಸರ್ಕಾರವೇ ಕೊಟ್ಟ ಲೆಕ್ಕದಲ್ಲಿ ಆ ಸೈನಿಕರ ಸಂಖ್ಯೆ 77.

ಇಷ್ಟು ಸಣ್ಣ ಸಂಖ್ಯೆಗೆ ಅಷ್ಟೊಂದು ಅಂಜಿಕೆಯೇ ಎಂದು ನಾವು ನಗಬಾರದು. ನೂರಾ ನಲವತ್ತು ಕೋಟಿ ಜನರ ದೇಶದಲ್ಲಿ ಕುಳಿತು ನೋಡುವ ನೋಟ ಬೇರೆ. ಐದು ಲಕ್ಷ ಜನರ ದೇಶದಲ್ಲಿ ನಿಂತು ನೋಡುವ ನೋಟ ಬೇರೆ. ಅವರ ಚರಿತ್ರೆಯೂ ಇದನ್ನೇ ಕಲಿಸಿದೆ. 1558ರಲ್ಲಿ ಪೋರ್ಚುಗೀಸರು ಬಂದು ಹದಿನೈದು ವರ್ಷ ಆಳಿದರು. ಅವರನ್ನು ಓಡಿಸಿದ ಮೊಹಮದ್ ತಕುರುಫಾನು ಇಂದಿಗೂ ಅಲ್ಲಿನ ರಾಷ್ಟ್ರವೀರ. 1887ರಿಂದ ದೇಶ ಬ್ರಿಟಿಷರ ರಕ್ಷಣೆಯಲ್ಲಿತ್ತು. 1959ರಲ್ಲಿ, ಬ್ರಿಟಿಷರ ವಿಮಾನನೆಲೆಯಿದ್ದ ಗಾನ್ ದ್ವೀಪದ ಸುತ್ತಮುತ್ತಲ ದಕ್ಷಿಣ ದ್ವೀಪಗಳು "ಸುವಾದಿವ್ ಗಣರಾಜ್ಯ"ವೆಂದು ಬೇರೆಯಾದುವು. ಇದರ ಹಿಂದೆ ಬ್ರಿಟಿಷರ ಕೈಯಿದೆಯೆಂದು ಮಾಲೆ ಶಂಕಿಸಿತು. 1963ರಲ್ಲಿ ಆ ಗಣರಾಜ್ಯ ಅಳಿಯಿತು. 1965ರ ಜುಲೈ 26ರಂದು ಮಾಲ್ಡೀವ್ಸ್ ಸ್ವತಂತ್ರವಾಯಿತು. ಶಂಕೆ ಮಾತ್ರ ಉಳಿದುಕೊಂಡಿತು.

ನಮ್ಮ ಕೈ ನಿಜವಾಗಿ ನೀಡಿದ ಕೈಯಾಗಿದ್ದ ಸಂದರ್ಭವನ್ನೂ ಹೇಳಬೇಕು. 1988ರ ನವೆಂಬರ್ 3ರಂದು ಶ್ರೀಲಂಕೆಯ ಕೂಲಿಸೈನಿಕರು ಮಾಲೆಗೆ ನುಗ್ಗಿ ಸರ್ಕಾರವನ್ನು ಉರುಳಿಸಲು ಯತ್ನಿಸಿದರು. ಅಧ್ಯಕ್ಷ ಮೌಮೂನ್ ಅಬ್ದುಲ್ ಗಯೂಮ್ ನೆರವಿಗೆ ಮೊರೆಯಿಟ್ಟರು. ಆಗ್ರಾದಿಂದ ಹೊರಟ ನಮ್ಮ ಸೈನಿಕರು ಅದೇ ರಾತ್ರಿ ಹುಲುಲೆ ವಿಮಾನ ನಿಲ್ದಾಣದಲ್ಲಿ ಇಳಿದು ದಂಗೆಯನ್ನಡಗಿಸಿದರು. 2014ರ ಡಿಸೆಂಬರಿನಲ್ಲಿ ಮಾಲೆಯ ಉಪ್ಪುನೀರು ಸಿಹಿಗೊಳಿಸುವ ಸ್ಥಾವರಕ್ಕೆ ಬೆಂಕಿ ಬಿದ್ದು ಇಡೀ ನಗರಕ್ಕೆ ಕುಡಿಯುವ ನೀರಿಲ್ಲದಾದಾಗ ವಿಮಾನಗಳಲ್ಲೂ ಹಡಗುಗಳಲ್ಲೂ ನೀರು ಹೋಯಿತು. ಆದರೆ 2018ರ ಫೆಬ್ರವರಿಯಲ್ಲಿ, ಯಾಮೀನ್ ತುರ್ತುಪರಿಸ್ಥಿತಿ ಘೋಷಿಸಿದಾಗ, ವಿರೋಧಪಕ್ಷದ ಮೊಹಮದ್ ನಶೀದ್ ಸೇನಾಬಲದೊಡನೆ ರಾಯಭಾರಿಯನ್ನು ಕಳುಹಿಸಿರೆಂದು ಭಾರತವನ್ನು ಕೇಳಿಕೊಂಡರು. ಭಾರತ ಸೇನೆಯನ್ನು ಕಳುಹಿಸಲಿಲ್ಲ. ಮೊದಲ ಸಲ ಕರೆದವರು ದೇಶದ ಸರ್ಕಾರ. ಎರಡನೆಯ ಸಲ ಕರೆದವರು ಒಂದು ಪಕ್ಷ. ಕೈನೀಡುವುದಕ್ಕೂ ಕೈಹಾಕುವುದಕ್ಕೂ ಇರುವ ಗೆರೆ ಈ ಎರಡು ಸಂದರ್ಭಗಳ ನಡುವೆ ಚೆನ್ನಾಗಿ ಕಾಣುತ್ತದೆ.

ಇನ್ನು 2023ರ ಚುನಾವಣೆಗೆ ಬರೋಣ. ಹೊರದೇಶದವರು ಮತಪಟ್ಟಿಯನ್ನು ತಿದ್ದಿದರು, ಮತಪೆಟ್ಟಿಗೆಯನ್ನು ಬದಲಿಸಿದರು ಎಂದು ಯಾರೂ ಸಾಧಿಸಿ ತೋರಿಸಲಿಲ್ಲ. ಚುನಾವಣೆಯನ್ನು ನೋಡಲು ಬಂದಿದ್ದ ಐರೋಪ್ಯ ಒಕ್ಕೂಟದ ವೀಕ್ಷಕರು ತಮ್ಮ ವರದಿಯಲ್ಲಿ ಗುರುತಿಸಿದ್ದು ಬೇರೊಂದು ಸಂಗತಿಯನ್ನು: ವಿರೋಧಪಕ್ಷಗಳ ಪ್ರಚಾರ ಭಾರತದ ಪ್ರಭಾವದ ಭಯವನ್ನೂ ಭಾರತೀಯ ಸೈನಿಕರ ಇರುವಿಕೆಯ ಆತಂಕವನ್ನೂ ಆಧರಿಸಿತ್ತು, ಅದೇ ವಿಷಯಗಳ ಸುತ್ತ ಅಂತರ್ಜಾಲದಲ್ಲಿ ಸುದ್ದಿಯನ್ನು ತಿರುಚುವ ಹಲವು ಯತ್ನಗಳೂ ನಡೆದುವು. ಅಂದರೆ ಹಸ್ತಕ್ಷೇಪ ನಡೆಯಿತೋ ಇಲ್ಲವೋ, ಹಸ್ತಕ್ಷೇಪದ ಭಯವಂತೂ ಚುನಾವಣೆಯ ಆಯುಧವಾಯಿತು. ಸರ್ಕಾರದ ನಡೆಯೂ ಇದಕ್ಕೆ ಮದ್ದಾಗಲಿಲ್ಲ. 2022ರ ಏಪ್ರಿಲಿನಲ್ಲಿ ಸೋಲಿಹ್ ಆಜ್ಞೆ ಹೊರಡಿಸಿ "ಇಂಡಿಯಾ ಔಟ್" ಆಂದೋಲನವನ್ನೇ ನಿಷೇಧಿಸಿದ್ದರು. ಭಯವನ್ನು ಮಾತಿನಿಂದ ಪರಿಹರಿಸಬಹುದು, ಕಾಗದ ತೋರಿಸಿ ಪರಿಹರಿಸಬಹುದು, ಆಜ್ಞೆಯಿಂದ ಪರಿಹರಿಸಲಾಗದು. ಬಾಯಿಮುಚ್ಚಿಸಿದವರು ಏನನ್ನೋ ಬಚ್ಚಿಡುತ್ತಿದ್ದಾರೆಂದೇ ಜನ ತಿಳಿಯುತ್ತಾರೆ.

ಸೆಪ್ಟೆಂಬರ್ 9ರ ಮೊದಲ ಸುತ್ತಿನಲ್ಲಿ ಮುಯಿಜ್ಜು ಅವರಿಗೆ ನೂರಕ್ಕೆ 46, ಸೋಲಿಹ್ ಅವರಿಗೆ 39 ಮತ ಬಂದುವು. ಸೆಪ್ಟೆಂಬರ್ 30ರ ಎರಡನೆಯ ಸುತ್ತಿನಲ್ಲಿ 54ಕ್ಕೆ 46ರಂತೆ ಮುಯಿಜ್ಜು ಗೆದ್ದರು. ಇದನ್ನು ನಮ್ಮ ಎಷ್ಟೋ ಪತ್ರಿಕೆಗಳು ಚೀನ ಗೆದ್ದಿತು, ಭಾರತ ಸೋತಿತು ಎಂಬ ಧಾಟಿಯಲ್ಲಿ ವರ್ಣಿಸಿದುವು. ಆದರೆ ಹಿಂದಿನ ಲೆಕ್ಕಗಳನ್ನೂ ಜೋಡಿಸಿ ನೋಡಿರಿ. 2008ರಲ್ಲಿ ಅಲ್ಲಿ ಬಹುಪಕ್ಷಗಳ ಮೊದಲ ಅಧ್ಯಕ್ಷ ಚುನಾವಣೆ ನಡೆದಾಗ ಮೂವತ್ತು ವರ್ಷ ಆಳಿದ್ದ ಗಯೂಮ್ ಸೋತರು. 2013ರಲ್ಲಿ ಅಧಿಕಾರದಲ್ಲಿದ್ದ ಮೊಹಮದ್ ವಹೀದ್ ಅವರಿಗೆ ಮೊದಲ ಮತದಾನದಲ್ಲಿ ನೂರಕ್ಕೆ ಐದರಷ್ಟೇ ಮತ ಬಂದಿತು. 2018ರಲ್ಲಿ ಯಾಮೀನ್ ಸೋತರು. ಆಗ ಅವರ ಮೇಲಿದ್ದ ದೂರು, ದೇಶವನ್ನು ಚೀನದ ಸಾಲಕ್ಕೆ ಒತ್ತೆಯಿಟ್ಟರೆಂಬುದು. 2023ರಲ್ಲಿ ಸೋಲಿಹ್ ಸೋತರು. ಅವರ ಮೇಲಿನ ದೂರು ಭಾರತದ ಕೈಗೆ ಕೊಟ್ಟರೆಂಬುದು. ಹೊರಗಿನ ದೇಶದ ಹೆಸರು ಬದಲಾಯಿತು. ಅಧಿಕಾರದಲ್ಲಿದ್ದವರು ಸೋಲುವುದು ಮಾತ್ರ ಬದಲಾಗಲಿಲ್ಲ. ಮಾಲೆಯ ಇಕ್ಕಟ್ಟಿನ ಮನೆಗಳು, ಏರಿದ ಬಾಡಿಗೆ, ನಶೀದ್ ಬೇರೆ ಪಕ್ಷ ಕಟ್ಟಿದುದರಿಂದ ಆಡಳಿತಪಕ್ಷದಲ್ಲಾದ ಒಡಕು—ಇವೆಲ್ಲ ಮನೆಯೊಳಗಿನ ಕಾರಣಗಳು. ಮತದಾರನ ತೀರ್ಪನ್ನು ಪೂರ್ತಿಯಾಗಿ ಹೊರಗಿನವರ ಲೆಕ್ಕಕ್ಕೆ ಬರೆದರೆ ನಾವು ಅವನ ಬುದ್ಧಿಯನ್ನೇ ಅಲ್ಲಗಳೆದಂತಾಗುತ್ತದೆ.

ಮುಂದಿನ ಕತೆ ಕುತೂಹಲಕರವಾಗಿದೆ. 2024ರ ಜನವರಿಯಲ್ಲಿ ಅಲ್ಲಿನ ಮೂವರು ಉಪಮಂತ್ರಿಗಳು ನಮ್ಮ ಪ್ರಧಾನಿಯ ಬಗ್ಗೆ ಹಗುರವಾಗಿ ಬರೆದು ಅಮಾನತಾದರು. ನಮ್ಮಲ್ಲಿ ಮಾಲ್ಡೀವ್ಸ್ ಪ್ರವಾಸವನ್ನು ಬಹಿಷ್ಕರಿಸಿರೆಂಬ ಕೂಗೆದ್ದಿತು. 2023ರಲ್ಲಿ ಎರಡು ಲಕ್ಷಕ್ಕೆ ಮಿಕ್ಕಿದ್ದ ಭಾರತೀಯ ಪ್ರವಾಸಿಗಳ ಸಂಖ್ಯೆ ಮರುವರ್ಷ ಬಹಳ ಕುಸಿಯಿತು. 2024ರ ಮೇ 10ರ ಒಳಗೆ ನಮ್ಮ ಸೈನಿಕರೆಲ್ಲ ಹಿಂತಿರುಗಿದರು. ಹೆಲಿಕಾಪ್ಟರುಗಳು ಹಾರದೆ ನಿಂತುವೇ? ಇಲ್ಲ. ಸೈನಿಕರ ಜಾಗಕ್ಕೆ ಸೈನಿಕರಲ್ಲದ ಭಾರತೀಯ ತಂತ್ರಜ್ಞರು ಹೋದರು. ಯಂತ್ರ ಅದೇ, ಕೆಲಸ ಅದೇ. ಸಮವಸ್ತ್ರವೊಂದು ಹೋಯಿತು, ಅವರ ಮರ್ಯಾದೆ ಉಳಿಯಿತು. ಇದನ್ನು ಮೊದಲೇ ಮಾಡಬಹುದಾಗಿತ್ತಲ್ಲವೇ ಎಂದು ನನಗೆ ಅನ್ನಿಸುವುದುಂಟು. ಅದೇ ವರ್ಷದ ಅಕ್ಟೋಬರಿನಲ್ಲಿ ಮುಯಿಜ್ಜು ದೆಹಲಿಗೆ ಬಂದರು, ನಮ್ಮ ಬೆಂಗಳೂರಿಗೂ ಬಂದುಹೋದರು. ಬೆಂಗಳೂರಿನಲ್ಲಿ ಅವರ ದೇಶದ ಕಾನ್ಸುಲೇಟ್ ತೆರೆಯುವ ಮಾತಾಯಿತು. 2025ರ ಜುಲೈಯಲ್ಲಿ ಅವರ ಸ್ವಾತಂತ್ರ್ಯದ ಅರುವತ್ತನೆಯ ವರ್ಷದ ಉತ್ಸವಕ್ಕೆ ಭಾರತದ ಪ್ರಧಾನಿ ಅತಿಥಿಯಾಗಿ ಹೋದರು.

ಆದರೂ ಶಂಕೆ ಪೂರ್ತಿ ಅಡಗಿಲ್ಲ. ಮುಯಿಜ್ಜು ಅವರನ್ನು ಪದಚ್ಯುತಗೊಳಿಸುವ ಸಂಚಿನ ಮಾತುಕತೆಯಲ್ಲಿ ಭಾರತದ ಗೂಢಚಾರರಿದ್ದರೆಂದು ಅಮೆರಿಕದ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ 2024ರ ಡಿಸೆಂಬರಿನಲ್ಲಿ ಬರೆಯಿತು. ಭಾರತ ಸರ್ಕಾರ ಇದನ್ನು ತಳ್ಳಿಹಾಕಿತು. ಅಂಥ ಸಂಚು ತಮಗೆ ತಿಳಿಯದೆಂದು ನಶೀದ್ ಹೇಳಿದರು. ಒಂದು ಕಡೆ ಆರೋಪ, ಇನ್ನೊಂದು ಕಡೆ ನಿರಾಕರಣೆ. ಇಂಥಲ್ಲಿ ದೇಶಾಭಿಮಾನದಿಂದ ಸುಳ್ಳೆನ್ನುವುದೂ ಸರಿಯಲ್ಲ, ಪತ್ರಿಕೆಯಲ್ಲಿ ಬಂದಿತೆಂಬ ಮಾತ್ರಕ್ಕೆ ನಿಜವೆನ್ನುವುದೂ ಸರಿಯಲ್ಲ.

ಹಾಗಾದರೆ ಸಂಜೆಯ ವಾರ್ತೆಯಲ್ಲಿ "ವಿದೇಶೀ ಹಸ್ತಕ್ಷೇಪ" ಎಂಬ ಮಾತು ಮತ್ತೆ ಕೇಳಿದಾಗ ನಾವೇನು ಮಾಡಬೇಕು? ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಆ ಕೈ ಮಾಡಿದುದೇನು: ಹಣ ಹಂಚಿತೇ, ಸುಳ್ಳು ಹಬ್ಬಿಸಿತೇ, ಅಥವಾ ಸೇತುವೆ ಕಟ್ಟಿತೇ? ಕರೆದವರು ಯಾರು, ದೇಶವೋ ಒಂದು ಪಕ್ಷವೋ? ಒಪ್ಪಂದ ಜನರ ಕಣ್ಣಿಗೆ ಬಿದ್ದಿದೆಯೇ? ಆರೋಪಕ್ಕೆ ಸಾಕ್ಷ್ಯವಿದೆಯೇ, ಅದರಿಂದ ಲಾಭ ಯಾರಿಗೆ? ಕೊನೆಗೆ ಇನ್ನೊಂದು: ಇದೇ ಕೆಲಸವನ್ನು ಬೇರೊಂದು ದೇಶ ನಮ್ಮ ಚುನಾವಣೆಯ ಕಾಲದಲ್ಲಿ ನಮ್ಮಲ್ಲಿ ಮಾಡಿದ್ದರೆ ನಾವು ಏನೆನ್ನುತ್ತಿದ್ದೆವು?

ಈ ಕೊನೆಯ ಪ್ರಶ್ನೆಗೆ ಉತ್ತರ ಕೊಟ್ಟುಕೊಳ್ಳುವುದು ಸುಲಭವಲ್ಲ. ಆದರೆ ಅದನ್ನು ಕೇಳಿಕೊಂಡವರು ಸಣ್ಣ ನೆರೆಯವನ ಅಂಜಿಕೆಯನ್ನು ಕೃತಘ್ನತೆಯೆಂದು ಬಗೆಯುವುದಿಲ್ಲ. ಅವನ ದ್ವೀಪದ ಆಸ್ಪತ್ರೆಗೆ ರೋಗಿಯನ್ನು ಹೊತ್ತೊಯ್ಯುವ ಯಂತ್ರ ನಮ್ಮ ಊರಿನಲ್ಲಿ ಹುಟ್ಟಿತೆಂಬುದು ನಮಗೆ ಸಂತೋಷದ ಸಂಗತಿ. ಅದು ಎಲ್ಲಿ ಇಳಿಯಬೇಕು, ಯಾರು ನಡೆಸಬೇಕು ಎಂಬುದನ್ನು ಹೇಳುವ ಹಕ್ಕು ಅವನದು.