ಕಡಲಿನ ದ್ವೀಪ, ಹೊಳೆಯ ಕುದ್ರು: ಎರಡು ದಿನದ ಸುತ್ತಾಟ

ದಸರಾ ರಜೆ ಹತ್ತಿರ ಬಂತೆಂದರೆ ಉಡುಪಿಯಲ್ಲಿರುವ ನಮ್ಮಂಥವರಿಗೆ ಘಟ್ಟದ ಮೇಲಿನ ನೆಂಟರಿಂದ ಫೋನ್ ಶುರು. ‘ಇದೇ ಮೊದಲ ಸಲ ಬರುತ್ತಿದ್ದೇವೆ. ಎರಡೇ ದಿನ ಇದೆ. ಮಕ್ಕಳಿದ್ದಾರೆ, ಅಜ್ಜ-ಅಜ್ಜಿಯೂ ಬರುತ್ತಾರೆ. ಏನೇನು ನೋಡಬಹುದು?’ ಹೆಚ್ಚಿನವರು ಅಷ್ಟು ಹೊತ್ತಿಗೆ ಹದಿನೈದು ಜಾಗಗಳ ಪಟ್ಟಿಯನ್ನೂ ಮಾಡಿಟ್ಟಿರುತ್ತಾರೆ. ನಾನು ಆ ಪಟ್ಟಿಯನ್ನು ಕಡಿಮೆ ಮಾಡಿಸುತ್ತೇನೆ. ಹದಿನೈದು ಜಾಗ ನೋಡಿದರೆ ಮಕ್ಕಳಿಗೆ ನೆನಪಿರುವುದು ಕಾರಿನ ಕಿಟಕಿ ಮಾತ್ರ. ಅಜ್ಜಿಗೆ ನೆನಪಿರುವುದು ಮೊಣಕಾಲಿನ ನೋವು.

ನನ್ನ ಸಲಹೆ ಇಷ್ಟೇ. ಎರಡು ದ್ವೀಪಗಳನ್ನು ಆರಿಸಿಕೊಳ್ಳಿ. ಒಂದು ಕಡಲಿನದು, ಇನ್ನೊಂದು ಹೊಳೆಯದು. ಇವೆರಡರ ಜೊತೆಗೆ ಒಂದು ನದಿಯನ್ನು ಗೆಳೆಯನಂತೆ ಕರೆದುಕೊಳ್ಳಿ. ಉಡುಪಿ, ಮಣಿಪಾಲ, ಕಾರ್ಕಳ, ಕಾಪು ಎಲ್ಲವೂ ಈ ದಾರಿಯಲ್ಲಿ ತಾವಾಗಿ ಸೇರಿಕೊಳ್ಳುತ್ತವೆ.

ಹೊರಡುವ ಮೊದಲು

ಮೊದಲು ತಿಂಗಳು ನೋಡಿಕೊಳ್ಳಿ. ಮಲ್ಪೆಯಿಂದ ದ್ವೀಪಕ್ಕೆ ಹೋಗುವ ದೋಣಿಗಳು ಮಳೆಗಾಲದಲ್ಲಿ ಓಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡಲಿಗೆ ಕೋಪದ ಕಾಲ. ಯಂತ್ರದ ದೋಣಿಗಳ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಏಪ್ರಿಲ್-ಮೇ ತಿಂಗಳಲ್ಲಿ ಸೆಕೆ ವಿಪರೀತ. ಹಿರಿಯರನ್ನು ಕರೆದುಕೊಂಡು ಬರುವವರಿಗೆ ನವೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲ ಒಳ್ಳೆಯದು.

ಎರಡನೆಯದು, ಒಂದು ನಿಯಮ. ಕಾಲಿಗೆ ಕೆಲಸ ಕೊಡುವ ಪ್ರತಿ ಜಾಗದ ಬಳಿಕ ಕುಳಿತುಕೊಳ್ಳುವ ಒಂದು ಜಾಗ ಇರಲೇಬೇಕು. ಹತ್ತುವುದು, ನಡೆಯುವುದು ಮಕ್ಕಳಿಗೆ ಬೇಕು. ನೆರಳು, ಕಟ್ಟೆ, ಒಂದು ಲೋಟ ಎಳನೀರು ಹಿರಿಯರಿಗೆ ಬೇಕು. ಎರಡನ್ನೂ ಒಂದಾದ ಮೇಲೊಂದು ಇಟ್ಟರೆ ಯಾರೂ ಯಾರನ್ನೂ ಕಾಯಿಸಿದ ಹಾಗಾಗುವುದಿಲ್ಲ.

ಮೂರನೆಯದು, ಮಕ್ಕಳಿಗೆ ಒಂದೊಂದು ಹುದ್ದೆ. ಒಬ್ಬರು ನಕ್ಷೆ ಹಿಡಿಯಲಿ, ಒಬ್ಬರು ಗಡಿಯಾರ ನೋಡಲಿ, ಒಬ್ಬರು ನೀರಿನ ಬಾಟಲಿಗಳ ಲೆಕ್ಕ ಇಡಲಿ. ಅಜ್ಜ-ಅಜ್ಜಿಯ ಮಾತ್ರೆ, ಟೋಪಿ, ಕೊಡೆ ಕೂಡ ಈ ಲೆಕ್ಕದಲ್ಲೇ ಬರಲಿ.

ಮೊದಲ ದಿನ: ಕಲ್ಲಿನ ಕಂಬಗಳ ದ್ವೀಪ

ಬೆಳಗ್ಗೆ ಬೇಗ ತಿಂಡಿ ಮುಗಿಸಿ ಮಲ್ಪೆಗೆ ಹೋಗಿ. ಉಡುಪಿಯಿಂದ ಆರೇಳು ಕಿಲೋಮೀಟರ್ ಕೂಡ ಇಲ್ಲ. ದೋಣಿ ಹತ್ತುವ ಮೊದಲು ಎರಡು ಪ್ರಶ್ನೆ ಕೇಳಿ. ಕೊನೆಯ ದೋಣಿ ಎಷ್ಟು ಗಂಟೆಗೆ ಹಿಂದಿರುಗುತ್ತದೆ? ಈಗ ಭರತವೋ, ಇಳಿತವೋ? ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ನೀವು ಹೋದಾಗ ಒಣಗಿದ್ದ ಬಂಡೆ ಎರಡು ಗಂಟೆಯ ಬಳಿಕ ನೀರಿನಲ್ಲಿ ಇರಬಹುದು.

ತೀರದಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿ ಸೇಂಟ್ ಮೇರೀಸ್ ದ್ವೀಪಗಳಿವೆ. ಊರವರ ಬಾಯಲ್ಲಿ ಅದು ತೋನ್ಸೆಪಾರ್. ನಿಜವಾಗಿ ಇದು ಒಂದು ದ್ವೀಪವಲ್ಲ, ನಾಲ್ಕು ದ್ವೀಪಗಳ ಗುಂಪು. ಪ್ರವಾಸಿಗರು ಇಳಿಯುವುದು ತೆಂಗಿನ ಮರಗಳಿರುವ ದ್ವೀಪದಲ್ಲಿ. ಅದರ ಉದ್ದ ಸುಮಾರು 500 ಮೀಟರ್, ಅಗಲ ಸುಮಾರು 100 ಮೀಟರ್. ಗುಂಪಿನ ಇನ್ನೊಂದು ದ್ವೀಪ ದರಿಯಾ ಬಹಾದುರ್‌ಗಢ. ಅಲ್ಲಿ ಕೆಳದಿ ಅರಸರ ಕಾಲದ ಕೋಟೆಯ ಅವಶೇಷಗಳಿವೆ. ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದು, ಶಿಲುಬೆ ನೆಟ್ಟು, ಸಂತ ಮೇರಿಯ ಹೆಸರಿಟ್ಟ ಎಂದು ಹೇಳುತ್ತಾರೆ.

ಮಕ್ಕಳೇ, ಇಳಿದ ಕೂಡಲೇ ಕಲ್ಲುಗಳನ್ನು ನೋಡಿ. ಯಾರೋ ಶಿಲ್ಪಿ ಕೆತ್ತಿ ಜೋಡಿಸಿಟ್ಟ ಕಂಬಗಳಂತೆ ಕಾಣುತ್ತವೆ. ಕೆಲವಕ್ಕೆ ಐದು ಮುಖ, ಹಲವಕ್ಕೆ ಆರು, ಕೆಲವಕ್ಕೆ ಏಳು. ಯಾರೂ ಕೆತ್ತಿದ್ದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭೂಮಿಯ ಮೇಲೆ ಡೈನೋಸಾರ್‌ಗಳು ಓಡಾಡುತ್ತಿದ್ದ ಕಾಲದಲ್ಲಿ, ಇಲ್ಲಿ ಲಾವಾ ಉಕ್ಕಿ ಬಂತು. ಅದು ನಿಧಾನವಾಗಿ ತಣಿಯಿತು. ತಣಿದಾಗ ಕುಗ್ಗಿತು. ಕುಗ್ಗಿದಾಗ ಬಿರುಕು ಬಿಟ್ಟಿತು. ಬೇಸಿಗೆಯಲ್ಲಿ ಒಣಗಿದ ಕೆರೆಯ ಕೆಸರು ಹಲ್ಲೆ ಹಲ್ಲೆಯಾಗಿ ಒಡೆಯುವುದನ್ನು ನೀವು ನೋಡಿದ್ದೀರಲ್ಲ, ಹಾಗೆಯೇ. ಇಲ್ಲಿ ಬಿರುಕು ಮೇಲಿನಿಂದ ಒಳಕ್ಕೆ ಇಳಿಯುತ್ತಾ ಹೋದುದರಿಂದ ಹಲ್ಲೆಗಳು ಕಂಬಗಳಾದವು.

ಆ ಕಾಲದಲ್ಲೇ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟಿತು. ಈಗ ಅದು ಆಫ್ರಿಕಾದ ಪಕ್ಕದಲ್ಲಿದೆ. ಒಂದು ಕಾಲದಲ್ಲಿ ನಮ್ಮ ಕರಾವಳಿಗೆ ಅಂಟಿಕೊಂಡಿದ್ದ ನೆಲ ಅದು. ಆ ಬೇರ್ಪಡೆಯ ಗುರುತು ನಿಮ್ಮ ಕಾಲಡಿಯ ಈ ಕಲ್ಲು. ಇದೇ ಬಗೆಯ ಕಂಬಗಳು ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲೂ ಇವೆ, ಆದರೆ ನಮ್ಮವು ಅದಕ್ಕಿಂತ ಹಳೆಯವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ಕಂಬಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಹಾಗಾಗಿ ಕಲ್ಲಿನ ಚೂರು ಬೇಡ, ಕಿಸೆ ತುಂಬ ಚಿಪ್ಪುಗಳೂ ಬೇಡ. ಲೆಕ್ಕ ಮಾಡಿ ತನ್ನಿ. ಆರು ಮುಖದ ಕಂಬ ಎಷ್ಟು ಸಿಕ್ಕಿತು, ಐದು ಮುಖದ್ದು ಎಷ್ಟು?

ಒಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನೀರಿನಂಚಿನ ಕಂಬಗಳ ಮೇಲೆ ಪಾಚಿ ಇರುತ್ತದೆ. ಅಲೆ ಮುಂದಿನಿಂದ ಮಾತ್ರವಲ್ಲ, ಪಕ್ಕದಿಂದಲೂ ಬರುತ್ತದೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸಕ್ಕೆ ಬಂದಿದ್ದ ಮೂವರು ವಿದ್ಯಾರ್ಥಿಗಳು ಈ ದ್ವೀಪದಲ್ಲಿ ಸಮುದ್ರಪಾಲಾದರು. ಅವರು ನಿಮ್ಮ ಮನೆಯ ಅಣ್ಣಂದಿರ ವಯಸ್ಸಿನವರು. ಆದ್ದರಿಂದ ಒದ್ದೆ ಬಂಡೆಯ ಮೇಲೆ ಕಾಲಿಡುವುದಿಲ್ಲ, ಕಡಲಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳುವುದಿಲ್ಲ, ಜೀವರಕ್ಷಕರು ಸೀಟಿ ಊದಿದರೆ ಎರಡನೇ ಸೀಟಿಗೆ ಕಾಯುವುದಿಲ್ಲ ಎಂದು ದೋಣಿಯಲ್ಲೇ ಎಲ್ಲರೂ ಒಪ್ಪಿಕೊಂಡು ಇಳಿಯಿರಿ. ಮೊಣಕಾಲು ಗಟ್ಟಿಯಿಲ್ಲದ ಹಿರಿಯರು ದೋಣಿ ಹತ್ತಿ ಇಳಿಯುವ ಕಷ್ಟವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಬೇಡ ಅನ್ನಿಸಿದರೆ ಮಲ್ಪೆಯಲ್ಲೇ ವಡಭಾಂಡೇಶ್ವರದ ಬಲರಾಮ ದೇವಸ್ಥಾನವಿದೆ.

ಆ ದೇವಸ್ಥಾನದ ಕಥೆ ಮಕ್ಕಳಿಗೆ ಅಜ್ಜಿಯೇ ಹೇಳಬೇಕು. ಬಿರುಗಾಳಿಗೆ ಸಿಕ್ಕಿದ ಹಡಗೊಂದನ್ನು ಮಧ್ವಾಚಾರ್ಯರು ತಮ್ಮ ಉತ್ತರೀಯ ಬೀಸಿ ದಡ ಸೇರಿಸಿದರಂತೆ. ಹಡಗಿನವನು ಕೃತಜ್ಞತೆಯಿಂದ ಕೊಟ್ಟದ್ದು ಗೋಪೀಚಂದನದ ಗಟ್ಟಿಗಳು. ಅವುಗಳೊಳಗೆ ಬಲರಾಮ ಮತ್ತು ಕೃಷ್ಣನ ವಿಗ್ರಹಗಳಿದ್ದವು. ಬಲರಾಮ ಕಡಲ ದಡದಲ್ಲೇ ನಿಂತ, ಕೃಷ್ಣ ಉಡುಪಿಗೆ ಬಂದ. ದ್ವೀಪದಿಂದ ಮರಳಿ ಉಡುಪಿಯ ಶ್ರೀಕೃಷ್ಣ ಮಠಕ್ಕೆ ಹೋದರೆ ಕಥೆಯ ಉಳಿದರ್ಧ ಅಲ್ಲಿದೆ. ಪಶ್ಚಿಮಕ್ಕೆ ಮುಖ ಮಾಡಿದ ಕೃಷ್ಣ, ಕನಕನ ಕಿಂಡಿ, ಮಧ್ಯಾಹ್ನದ ಊಟ. ಬಳಿಕ ಎರಡು ಗಂಟೆ ವಿಶ್ರಾಂತಿ.

ಸಂಜೆ: ಜನರಿರುವ ದ್ವೀಪ

ಬಿಸಿಲು ಇಳಿದ ಮೇಲೆ ಕೆಮ್ಮಣ್ಣಿಗೆ ಹೊರಡಿ. ಇದೂ ತೋನ್ಸೆ ಸೀಮೆಯೇ. ಇಲ್ಲಿ ಸ್ವರ್ಣಾ ನದಿ ಕಡಲು ಸೇರುವ ಮೊದಲು ಅಗಲವಾಗಿ, ನಿಧಾನವಾಗಿ ಹರಿಯುತ್ತದೆ. ನಿಧಾನವಾದ ನದಿ ತಾನು ಹೊತ್ತು ತಂದ ಮಣ್ಣನ್ನು ಅಲ್ಲಲ್ಲಿ ಇಳಿಸುತ್ತದೆ. ಆ ಮಣ್ಣು ಸೇರಿ ಸೇರಿ ಆದ ನೆಲಕ್ಕೆ ನಾವು ‘ಕುದ್ರು’ ಎನ್ನುತ್ತೇವೆ. ಕಡಲಿನ ದ್ವೀಪವನ್ನು ಬೆಂಕಿ ಕಟ್ಟಿತು, ಹೊಳೆಯ ದ್ವೀಪವನ್ನು ನೀರು ಕಟ್ಟಿತು. ಒಂದು ಕೋಟಿಗಟ್ಟಲೆ ವರ್ಷ ಹಳೆಯದು. ಇನ್ನೊಂದರ ಅಂಚು ಮಳೆಗಾಲದಿಂದ ಮಳೆಗಾಲಕ್ಕೆ ಬದಲಾಗಬಹುದು.

ತಿಮ್ಮಣ್ಣ ಕುದ್ರುವಿಗೆ ಹೋಗಲು ತೂಗುಸೇತುವೆ ಇದೆ. ನಡುವೆ ಬಂದಾಗ ಅದು ಸಣ್ಣಗೆ ತೂಗುತ್ತದೆ. ಎಲ್ಲರೂ ಒಂದೇ ತಾಳದಲ್ಲಿ ಹೆಜ್ಜೆ ಹಾಕಿದರೆ ತೂಗಾಟ ಹೆಚ್ಚಾಗುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ ಇದು. ಹಾಗಾಗಿ ಇಲ್ಲಿ ಕುಣಿತ ಬೇಡ, ಫಲಕದಲ್ಲಿ ಬರೆದ ಸೂಚನೆ ಓದಿ ಒಬ್ಬೊಬ್ಬರಾಗಿ ನಡೆಯಿರಿ. ತೂಗುಸೇತುವೆ ಎಂದರೆ ನಮ್ಮ ಕಡೆಯವರಿಗೆ ಸುಳ್ಯದ ಗಿರೀಶ್ ಭಾರದ್ವಾಜ್ ನೆನಪಾಗುತ್ತಾರೆ. ಎಂಜಿನಿಯರ್ ಆಗಿದ್ದ ಅವರು 1989ರಲ್ಲಿ ಸುಳ್ಯದ ಅರಂಬೂರಿನಲ್ಲಿ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ದೇಶದ ಹಲವೆಡೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೊಳೆಯಾಚೆ ಮನೆಯಿದ್ದು, ಮಳೆಗಾಲದಲ್ಲಿ ದೋಣಿ ನಂಬಿ ಶಾಲೆಗೆ ಹೋದ ಅಜ್ಜ-ಅಜ್ಜಿಯರನ್ನು ಕೇಳಿ, ಒಂದು ಸೇತುವೆಯ ಬೆಲೆ ಅವರಿಗೆ ಗೊತ್ತು.

ನೆನಪಿರಲಿ, ಸೇಂಟ್ ಮೇರೀಸ್‌ನಲ್ಲಿ ಯಾರ ಮನೆಯೂ ಇಲ್ಲ, ಕುದ್ರುವಿನಲ್ಲಿ ಮನೆಗಳಿವೆ. ಅಂಗಳ ಅವರದು, ತೆಂಗಿನ ತೋಟ ಅವರದು. ಎದುರು ಸಿಕ್ಕಿದವರನ್ನು ಮಾತಾಡಿಸಿ, ಕೇಳಿಯೇ ಫೋಟೋ ತೆಗೆಯಿರಿ. ಇಳಿತದ ಹೊತ್ತಾದರೆ ಹೊಳೆಯಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುವವರು ಕಾಣಬಹುದು.

ಅಲ್ಲಿಂದ ಕೋಡಿ ಬೆಂಗ್ರೆಗೆ ಹೋಗಿ. ಒಂದು ಬದಿಯಲ್ಲಿ ಹೊಳೆ, ಇನ್ನೊಂದು ಬದಿಯಲ್ಲಿ ಕಡಲು, ನಡುವೆ ಕಿರಿದಾದ ನೆಲ. ಅದರ ತುದಿಯಲ್ಲಿ ಸ್ವರ್ಣಾ ಮತ್ತು ಸೀತಾ ನದಿಗಳು ಕೂಡಿ ಕಡಲು ಸೇರುತ್ತವೆ. ಸೂರ್ಯಾಸ್ತಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಡ. ಆದರೆ ಅಳಿವೆಯ ನೀರಿನ ಸೆಳೆತ ಜೋರು. ಇಲ್ಲಿ ನೋಡುವುದು ಮಾತ್ರ, ಇಳಿಯುವುದು ಬೇಡ.

ಎರಡನೇ ದಿನ: ನದಿಯ ಎದುರು ದಿಕ್ಕಿಗೆ

ನಿನ್ನೆ ಕಡಲು ಸೇರಿದ ಸ್ವರ್ಣಾ ನದಿ ಎಲ್ಲಿಂದ ಬಂತು? ಇವತ್ತು ಅದರ ಎದುರು ದಿಕ್ಕಿಗೆ ಪ್ರಯಾಣ.

ಬೆಳಗ್ಗೆ ಆರೂವರೆಗೆ ಮಣಿಪಾಲದ ಎಂಡ್ ಪಾಯಿಂಟ್. ಮರಗಳ ನಡುವಿನ ನಡಿಗೆಯ ದಾರಿ ಮುಗಿದಾಗ ಕೆಳಗೆ ಕಣಿವೆಯಲ್ಲಿ ಸ್ವರ್ಣೆ ಬಳುಕಿ ಹರಿಯುವುದು ಕಾಣುತ್ತದೆ. ಉಡುಪಿ ನಗರಕ್ಕೆ ಕುಡಿಯುವ ನೀರು ಬರುವುದು ಇದೇ ನದಿಯ ಬಜೆ ಅಣೆಕಟ್ಟಿನಿಂದ. ಕೆಲವು ಬೇಸಿಗೆಗಳಲ್ಲಿ ಅಲ್ಲಿ ನೀರು ತಳ ಕಂಡು, ನಗರದಲ್ಲಿ ಸರದಿಯಂತೆ ನೀರು ಬಿಟ್ಟದ್ದುಂಟು. ಹೋಟೆಲಿನ ನಲ್ಲಿ ತಿರುಗಿಸುವಾಗ ಈ ನದಿ ನೆನಪಾಗಲಿ.

ಮಣಿಪಾಲ ಎಂಬ ಹೆಸರು ‘ಮಣ್ಣಪಳ್ಳ’ದಿಂದ ಬಂತು ಎನ್ನುತ್ತಾರೆ. ತುಳುವಿನಲ್ಲಿ ಪಳ್ಳ ಎಂದರೆ ಕೆರೆ. ಆ ಕೆರೆ ಈಗಲೂ ಇದೆ, ಸುತ್ತ ಸಮತಟ್ಟಾದ ದಾರಿಯಿದೆ, ಅಜ್ಜ-ಅಜ್ಜಿಯ ನಡಿಗೆಗೆ ಹೇಳಿ ಮಾಡಿಸಿದ ಹಾಗೆ. ಒಂದು ಕಾಲದಲ್ಲಿ ಬೋಳುಗುಡ್ಡವಾಗಿದ್ದ ಇಲ್ಲಿ ಡಾ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟಿದರು. ಕಾಲಡಿಯ ಕೆಂಪು ಕಲ್ಲನ್ನು ನೋಡಿ, ಅದು ಮುರಕಲ್ಲು. ನಮ್ಮ ಹಳೆಯ ಮನೆಗಳ ಗೋಡೆ ಅದರದೇ.

ಹಿರಿಯಡ್ಕದ ಮೇಲೆ ಹಾದು ಕಾರ್ಕಳವನ್ನು ಒಂಬತ್ತು ಗಂಟೆಯೊಳಗೆ ಸೇರಿಕೊಳ್ಳಿ. ಗೊಮ್ಮಟ ಬೆಟ್ಟದಲ್ಲಿ ಚಪ್ಪಲಿ ಬಿಟ್ಟು ನಡೆಯಬೇಕು. ಹನ್ನೊಂದರ ಬಳಿಕ ಬಂಡೆ ಕಾದು ಅಂಗಾಲು ಸುಡುತ್ತದೆ. ಮಕ್ಕಳು ಮೆಟ್ಟಿಲೇರಲಿ, ಹಿರಿಯರನ್ನು ವಾಹನದಲ್ಲಿ ಮೇಲಕ್ಕೆ ಕರೆದೊಯ್ಯಿರಿ. ಮೇಲೆ 42 ಅಡಿಯ ಏಕಶಿಲೆಯ ಬಾಹುಬಲಿ. 1432ರ ಫೆಬ್ರುವರಿ 13ರಂದು ಭೈರರಸ ಮನೆತನದ ವೀರಪಾಂಡ್ಯ ಇದನ್ನು ಪ್ರತಿಷ್ಠಾಪಿಸಿದ. ಬೇರೆಡೆ ಕೆತ್ತಿದ ಮೂರ್ತಿಯನ್ನು ಗಾಡಿಯಲ್ಲಿಟ್ಟು ಜನ ಎಳೆದು ಬೆಟ್ಟಕ್ಕೇರಿಸಿದರೆಂದು ಹೇಳುತ್ತಾರೆ. ಕ್ರೇನ್ ಇಲ್ಲದ ಕಾಲ ಅದು. ಅಷ್ಟು ದೊಡ್ಡ ಕಲ್ಲನ್ನು ಏರಿಸಲು ಏನೇನು ಬೇಕು? ಚಕ್ರ, ಹಗ್ಗ, ಇಳಿಜಾರು, ಮತ್ತೆ ಎಲ್ಲರೂ ಒಟ್ಟಿಗೆ ಎಳೆಯುವ ಮನಸ್ಸು.

ಎದುರಿನ ಚಿಕ್ಕ ಗುಡ್ಡದಲ್ಲಿ ಚತುರ್ಮುಖ ಬಸದಿ. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ್ದು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಟ್ಟು 108 ಕಂಬ. ನಿನ್ನೆ ಪ್ರಕೃತಿ ಮಾಡಿದ ಕಂಬಗಳನ್ನು ಎಣಿಸಿದಿರಲ್ಲ, ಇವತ್ತು ಮನುಷ್ಯ ಮಾಡಿದ್ದನ್ನು ಎಣಿಸಿ. ಕಲ್ಲಿನ ನೆಲ ಒಳಗೆ ತಂಪಾಗಿರುತ್ತದೆ. ಅಜ್ಜಂದಿರು ಅಲ್ಲಿ ಕುಳಿತುಕೊಳ್ಳಲಿ. ಪೂರ್ವಕ್ಕೆ ನೋಡಿದರೆ ಪಶ್ಚಿಮ ಘಟ್ಟದ ಸಾಲು. ಸ್ವರ್ಣೆ ಹುಟ್ಟುವುದು ಆ ಘಟ್ಟದಲ್ಲೇ.

ಕೊನೆಯ ಮೆಟ್ಟಿಲು ಕಾಪುವಿನಲ್ಲಿ

ಕಾರ್ಕಳದಲ್ಲಿ ಊಟ ಮಾಡಿ ಶಿರ್ವದ ದಾರಿಯಲ್ಲಿ ಕರಾವಳಿಗೆ ಇಳಿಯಿರಿ. ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವ ಮನೆಗಳಿವೆ, ಅಜ್ಜಿಗೊಂದು ಚೆಂಡು ಕೊಳ್ಳಲೇಬೇಕು. ಕಟಪಾಡಿಯ ಬಳಿಯ ಮಟ್ಟು ಗ್ರಾಮದ ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದರ ಬೀಜ ಕೊಟ್ಟವರು ವಾದಿರಾಜ ಸ್ವಾಮಿಗಳೆಂಬ ನಂಬಿಕೆ ಊರಿನಲ್ಲಿದೆ.

ಕಾಪು ದೀಪಸ್ತಂಭ ಕಟ್ಟಿದ್ದು 1901ರಲ್ಲಿ. ಎತ್ತರ ಸುಮಾರು 27 ಮೀಟರ್. ಸಂಜೆಯ ಹೊತ್ತು ಮಾತ್ರ ಒಳಗೆ ಬಿಡುವ ವಾಡಿಕೆ, ಅದಕ್ಕಾಗಿಯೇ ಇದನ್ನು ಕೊನೆಗಿಟ್ಟದ್ದು. ಒಳಗಿನ ಮೆಟ್ಟಿಲು ಸುರುಳಿ, ಕಿರಿದು, ತುದಿಯಲ್ಲಿ ಕಡಿದು. ಹಿರಿಯರು ಕೆಳಗೆ ಮರಳಿನಲ್ಲಿ ಗೋಳಿಬಜೆ ತಿನ್ನುತ್ತಾ ಕೈಬೀಸಿದರೆ ಸಾಕು. ಕತ್ತಲಾಗಿ ದೀಪ ಹೊತ್ತಿದ ಮೇಲೆ ಮಕ್ಕಳು ಒಂದು ಮಿಂಚಿನಿಂದ ಮತ್ತೊಂದಕ್ಕೆ ಎಷ್ಟು ಸೆಕೆಂಡ್ ಎಂದು ಎಣಿಸಲಿ. ಪ್ರತಿ ದೀಪಸ್ತಂಭಕ್ಕೂ ಅದರದೇ ಲಯ ಇರುತ್ತದೆ. ಕತ್ತಲಲ್ಲಿ ಮೀನುಗಾರ ‘ಇದು ನಮ್ಮ ಕಾಪು’ ಎಂದು ಗುರುತು ಹಿಡಿಯುವುದು ಆ ಲಯದಿಂದಲೇ.

ಹೊರಡುವ ರಾತ್ರಿ ಮಕ್ಕಳು ಒಂದು ಹಾಳೆಯಲ್ಲಿ ಸ್ವರ್ಣಾ ನದಿಯನ್ನು ಬರೆಯಲಿ. ಮೇಲೆ ಘಟ್ಟ, ಪಕ್ಕದಲ್ಲಿ ಗೊಮ್ಮಟ, ಕೆಳಗೆ ಬಜೆ, ಆಮೇಲೆ ಮಣಿಪಾಲದ ಗುಡ್ಡ, ಕುದ್ರು, ಅಳಿವೆ, ಕಡಲು, ಕಡಲಿನಲ್ಲಿ ಕಲ್ಲಿನ ಕಂಬಗಳ ದ್ವೀಪ. ಹೆಸರು ಮರೆತಲ್ಲಿ ಅಜ್ಜ-ಅಜ್ಜಿಯನ್ನು ಕೇಳಲಿ. ಅವರೂ ಮರೆತಿದ್ದರೆ ಚಿಂತೆಯಿಲ್ಲ, ಆ ಜಾಗ ಖಾಲಿ ಇರಲಿ. ಮುಂದಿನ ರಜೆಯಲ್ಲಿ ಮತ್ತೆ ಬಂದು ತುಂಬಿಸಿದರಾಯಿತು.