ಯಂತ್ರಕ್ಕೆ ಹಣವುಂಟು, ಕಲಿಸುವವರಿಗೆ?

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯು ದೇವದುರ್ಗ ಮತ್ತು ಮಾನ್ವಿಯನ್ನು ಅತ್ಯಂತ ಹಿಂದುಳಿದ ತಾಲೂಕುಗಳೆಂದು ಗುರುತಿಸಿತ್ತು. ಅನಂತರ ವ್ಯಾಪಾರದ ರೀತಿಯೇ ಬದಲಾಯಿತು. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದ ಮೇಲೆ ರಾಯಚೂರಿನ ಹತ್ತಿ ಜಿನ್ನಿಂಗ್ ಕಾರ್ಖಾನೆಗೂ ಮಾನ್ವಿಯ ಅಕ್ಕಿ ಗಿರಣಿಗೂ ಗಣಕಯಂತ್ರ ಬಲ್ಲ ಗುಮಾಸ್ತರು ಅನಿವಾರ್ಯರಾಗಿದ್ದಾರೆ.

ಗ್ರಾಮೀಣ ಡಿಜಿಟಲ್ ಸಾಕ್ಷರತೆಗಾಗಿ 2017ರಲ್ಲಿ ಆರಂಭವಾದ ಕೇಂದ್ರದ ಯೋಜನೆ 2024ರ ಮಾರ್ಚ್‌ನಲ್ಲಿ ಮುಕ್ತಾಯಗೊಂಡಿತು. 2013ರ ಕಂಪನಿ ಕಾಯಿದೆಯ 135ನೇ ಕಲಮಿನ ಸಾಮಾಜಿಕ ಹೊಣೆಗಾರಿಕೆಯು ದೊಡ್ಡ ಕಂಪನಿಗಳಿಗೆ ಸೀಮಿತ. ಪಾಲುದಾರಿಕೆ ಸಂಸ್ಥೆಗಳಿಗೆ ಅನ್ವಯಿಸದು. ಆದರೆ ನುರಿತ ಕೆಲಸಗಾರರ ಅಗತ್ಯ ನಮ್ಮದೇ ಆಗಿರುವಾಗ ಕಾಯಿದೆಯ ಒತ್ತಾಯಕ್ಕೆ ಕಾಯಬೇಕೇ?

ದಾನಿಗಳು ಸಾಮಾನ್ಯವಾಗಿ ಗಣಕಯಂತ್ರಗಳನ್ನು ಕೊಡಿಸಿ ಫಲಕ ಹಾಕಿಸುತ್ತಾರೆ. ಶೇ. 40ರಂತೆ ಸವಕಳಿ ಕಳೆದರೆ 50,000 ರೂ.ಗಳ ಯಂತ್ರದ ಪುಸ್ತಕ ಮೌಲ್ಯ ಮೂರು ವರ್ಷಗಳಲ್ಲಿ 10,800 ರೂ.ಗಳಿಗೆ ಇಳಿಯುತ್ತದೆ. ಕಲಿಸುವವರಿಲ್ಲದಿದ್ದರೆ ಉಳಿಯುವುದು ಫಲಕ ಮಾತ್ರ. ಬೋಧಕರ ಸಂಬಳ, ವಿದ್ಯುತ್ ಬಿಲ್ಲು, ಅಂತರ್ಜಾಲ ಸಂಪರ್ಕ, ದುರಸ್ತಿ: ಈ ಆವರ್ತಕ ವೆಚ್ಚಗಳಿಗೇ ಹಣ ದೊರೆಯುವುದು ಕಷ್ಟ.

ಆದ್ದರಿಂದ ಹತ್ತಾರು ವರ್ತಕರು ಕೂಡಿ ದೇವದುರ್ಗ, ಮಾನ್ವಿಗಳಲ್ಲಿ ತಲಾ ಒಬ್ಬ ಬೋಧಕರ ಮೂರು ವರ್ಷಗಳ ಸಂಬಳವನ್ನು ಮುಂಗಡವಾಗಿ ತೆಗೆದಿರಿಸುವುದು ಲೇಸು. ಪ್ರತ್ಯೇಕ ಬ್ಯಾಂಕ್ ಖಾತೆ, ವಾರ್ಷಿಕ ಲೆಕ್ಕ ಪರಿಶೋಧನೆ ಇರಲಿ. ವಂತಿಗೆಯನ್ನು ಚೆಕ್ ಮೂಲಕವೇ ನೀಡಿರಿ, 2,000 ರೂ. ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆಯಲ್ಲಿ ಕಡಿತ ದೊರೆಯದು. ವರ್ಷಾಂತ್ಯದ ವರದಿಯಲ್ಲಿ ಖರೀದಿಸಿದ ಯಂತ್ರಗಳ ಬದಲು, ರಿಟರ್ನ್ ಸಲ್ಲಿಸಲು ಕಲಿತವರ ಮತ್ತು ಉದ್ಯೋಗ ಪಡೆದವರ ಸಂಖ್ಯೆಯನ್ನು ನಮೂದಿಸಬೇಕು. ಆ ಸಂಖ್ಯೆಗೆ ಸವಕಳಿಯಿಲ್ಲ.